ನೀರು ಪರೀಕ್ಷಿಸದೆ ಮೀನಿಗೆ ಮದ್ದು: ಅಕ್ವೇರಿಯಂ ನಿರ್ವಹಣಾ ಸಂಸ್ಥೆಗೊಂದು ದೂರು ಪತ್ರ

ಇಂದ:
ವಾರ್ಷಿಕ ನಿರ್ವಹಣಾ ಒಪ್ಪಂದದ ಗ್ರಾಹಕಿ,
ವಿಜಯನಗರ, ಬೆಂಗಳೂರು

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಅಕ್ವೇರಿಯಂ ಮಾರಾಟ ಮತ್ತು ನಿರ್ವಹಣಾ ಸಂಸ್ಥೆ,
ಬೆಂಗಳೂರು

ವಿಷಯ: ರೋಗವಿಲ್ಲದ ಮೀನಿಗೆ ಮದ್ದು ಹಾಕಿ, ಫಿಲ್ಟರ್ ಕೆಡಿಸಿ, ಎರಡು ಮೀನುಗಳ ಸಾವಿಗೆ ಕಾರಣವಾದ ಸೇವೆಯ ಬಗ್ಗೆ ದೂರು ಹಾಗೂ ಪರಿಹಾರದ ಕೋರಿಕೆ.

ಮಾನ್ಯರೇ,

ನಮ್ಮ ಮನೆಯ 150 ಲೀಟರಿನ ಗೋಲ್ಡ್‌ಫಿಶ್ ತೊಟ್ಟಿಯ ನಿರ್ವಹಣೆಯನ್ನು ವರ್ಷದ ಒಪ್ಪಂದದ ಮೇಲೆ ನಿಮಗೆ ವಹಿಸಿದ್ದೇನೆ. ಪೂರ್ತಿ ಹಣ ಮುಂಗಡವಾಗಿಯೇ ಕಟ್ಟಿದ್ದೇನೆ. ‘ಪ್ರತಿ ಭೇಟಿಯಲ್ಲೂ ನೀರಿನ ಪರೀಕ್ಷೆ ಮತ್ತು ಮೀನಿನ ಆರೋಗ್ಯ ತಪಾಸಣೆ’ ಎಂದು ಒಪ್ಪಂದದಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ನನ್ನ ದೂರು ಇರುವುದು ಈ ಸಾಲಿನ ಬಗ್ಗೆಯೇ.

ಕಳೆದ ತಿಂಗಳು ಬಂದ ನಿಮ್ಮ ಕಡೆಯ ಹುಡುಗ ತೊಟ್ಟಿಯ ಮುಂದೆ ನಿಂತವನೇ, ‘ಮೇಡಂ, ವೈಟ್ ಸ್ಪಾಟ್ ಬಂದಿದೆ’ ಎಂದ. ನಾವು ಗುಂಡ ಎಂದು ಕರೆಯುವ ದೊಡ್ಡ ಒರಾಂಡಾ ತಳಿಯ ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕೆಗಳಿದ್ದದ್ದು ನಿಜ. ಎದೆಯ ಪಕ್ಕದ ರೆಕ್ಕೆಗಳ ಮುಂದಿನ ಕಡ್ಡಿಯ ಮೇಲೂ ಸಾಲಾಗಿ ಇದ್ದವು. ಬೇರೆಲ್ಲೂ ಇರಲಿಲ್ಲ. ಬಾಲದಲ್ಲಿ ಇಲ್ಲ, ಬೆನ್ನಿನಲ್ಲಿ ಇಲ್ಲ, ಜೊತೆಗಿದ್ದ ಎರಡು ಹೆಣ್ಣು ಮೀನುಗಳ ಮೈಮೇಲೆ ಒಂದೇ ಒಂದು ಇಲ್ಲ. ಮೀನು ಕಲ್ಲಿಗೆ ಮೈ ಉಜ್ಜುತ್ತಿರಲಿಲ್ಲ, ರೆಕ್ಕೆ ಮುದುಡಿಕೊಂಡಿರಲಿಲ್ಲ, ಊಟ ಬಿಟ್ಟಿರಲಿಲ್ಲ. ಬೆಳಗಾದರೆ ಹೆಣ್ಣು ಮೀನಿನ ಬೆನ್ನು ಹತ್ತಿ ಅದರ ಹೊಟ್ಟೆಗೆ ಮೂತಿಯಿಂದ ತಿವಿಯುತ್ತಿತ್ತು. ಇದನ್ನೆಲ್ಲ ನಾನು ಅವನಿಗೆ ಹೇಳಿದೆ. ‘ಅದೇ ಮೇಡಂ, ಕಾಯಿಲೆ ಬಂದರೆ ಹಂಗೇ ಆಡ್ತವೆ’ ಎಂಬ ಉತ್ತರ ಬಂತು.

ಗೋಲ್ಡ್‌ಫಿಶ್ ಮಾರುವ ಸಂಸ್ಥೆಗೆ ಇದನ್ನು ನಾನು ಬರೆದು ತಿಳಿಸಬೇಕಾಗಿ ಬಂದದ್ದೇ ವಿಚಿತ್ರ. ಅದು ಕಾಯಿಲೆಯಲ್ಲ, ಗಂಡು ಗೋಲ್ಡ್‌ಫಿಶ್ ಬೆದೆಗೆ ಬಂದಾಗ ಕಿವಿರಿನ ಮುಚ್ಚಳ ಮತ್ತು ಎದೆರೆಕ್ಕೆಗಳ ಮೇಲೆ ಏಳುವ ಗುಳ್ಳೆ. ಗಂಡು ಯಾವುದು, ಹೆಣ್ಣು ಯಾವುದು ಎಂದು ಗುರುತಿಸಲು ಮೀನು ಸಾಕುವವರು ನೋಡುವುದೇ ಅದನ್ನು. ನಿಜವಾದ ಬಿಳಿಚುಕ್ಕೆ ರೋಗ ಇಕ್ಥಿಯೋಫ್ಥಿರಿಯಸ್ ಎಂಬ ಏಕಕೋಶ ಪರಾವಲಂಬಿಯಿಂದ ಬರುವಂಥದ್ದು. ಅದರ ಚುಕ್ಕೆಗಳು ಮೈ, ಬಾಲ, ರೆಕ್ಕೆ ಎನ್ನದೆ ಉಪ್ಪಿನ ಹರಳು ಉದುರಿಸಿದಂತೆ ಕಾಣುತ್ತವೆ. ಒಂದು ಮೀನಿಗೆ ಬಂದರೆ ಅದೇ ನೀರಿನಲ್ಲಿರುವ ಉಳಿದವಕ್ಕೂ ಬೇಗ ಹರಡುತ್ತದೆ.

ವಾದಕ್ಕೆ ಅದು ಬಿಳಿಚುಕ್ಕೆ ರೋಗವೇ ಎಂದಿಟ್ಟುಕೊಳ್ಳೋಣ. ಆಗಲೂ ನಿಮ್ಮ ಚಿಕಿತ್ಸೆ ತಪ್ಪೇ. ಆ ಪರಾವಲಂಬಿ ಮೀನಿನ ಚರ್ಮದ ಪದರದೊಳಗೆ ಕೂತಿರುವಷ್ಟು ಕಾಲ ನೀರಿಗೆ ಹಾಕಿದ ಮದ್ದು ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಮೀನಿನಿಂದ ಕಳಚಿ, ತೊಟ್ಟಿಯ ತಳದಲ್ಲಿ ಕೋಶ ಕಟ್ಟಿಕೊಂಡು, ಒಳಗೇ ಒಡೆದೊಡೆದು ನೂರಾರು ಮರಿಗಳಾಗಿ ಈಜಿ ಹೊರಬರುತ್ತದಲ್ಲ, ಆ ಮರಿಗಳು ಇನ್ನೊಂದು ಮೀನನ್ನು ಹುಡುಕುವ ಹೊತ್ತಿನಲ್ಲಿ ಮಾತ್ರ ಮದ್ದು ತಾಗುತ್ತದೆ. ಅದಕ್ಕಾಗಿಯೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಮದ್ದು ಮುಂದುವರಿಸುವುದು. ನಿಮ್ಮ ಹುಡುಗ ಒಂದು ಸಲ ಸುರಿದು, ‘ಮುಂದಿನ ತಿಂಗಳು ನೋಡೋಣ’ ಎಂದು ಹೊರಟ.

ಸುರಿದದ್ದು ಏನನ್ನು ಎಂಬುದೂ ನನಗೆ ಗೊತ್ತಿಲ್ಲ. ಬ್ಯಾಗಿನಿಂದ ತೆಗೆದದ್ದು ಚೀಟಿಯೇ ಇಲ್ಲದ ಪ್ಲಾಸ್ಟಿಕ್ ಬಾಟಲಿ. ಹೆಸರಿಲ್ಲ, ಪ್ರಮಾಣವಿಲ್ಲ, ತಯಾರಾದ ತಾರೀಖಿಲ್ಲ. ಮುಚ್ಚಳದಲ್ಲಿ ಅಳೆಯುವ ಗೋಜಿಗೂ ಹೋಗದೆ ನೀರು ಕಡುನೀಲಿಯಾಗುವ ತನಕ ಸುರಿದ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಬಣ್ಣ ನೋಡಿದರೆ ಮೆಥಿಲೀನ್ ಬ್ಲೂ ಎಂಬ ಮದ್ದು ಇದ್ದೀತು ಅನಿಸಿತು. ತೊಟ್ಟಿಯ ಮೂಲೆಗಳ ಸಿಲಿಕೋನ್ ಅಂಟು ಇವತ್ತಿಗೂ ನೀಲಿಯಾಗಿಯೇ ಇದೆ. ಮೆಥಿಲೀನ್ ಬ್ಲೂ ಆಗಿದ್ದರೆ ಅದನ್ನು ಬೇರೆ ಪಾತ್ರೆಯಲ್ಲಿ ಬಳಸಬೇಕೇ ಹೊರತು ಓಡುತ್ತಿರುವ ಫಿಲ್ಟರ್ ಇರುವ ತೊಟ್ಟಿಗೆ ಸುರಿಯಬಾರದು. ಫಿಲ್ಟರ್‌ನಲ್ಲಿ ನೆಲೆಸಿ, ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳಿಗೇ ಅದು ಹಾನಿ ಮಾಡುತ್ತದೆ.

ಅವು ಅಳಿದುಳಿದಿದ್ದರೂ ಮುಂದಿನ ಕೆಲಸಕ್ಕೆ ಬದುಕುವಂತಿರಲಿಲ್ಲ. ಫಿಲ್ಟರ್ ಸ್ಪಾಂಜನ್ನು ನಮ್ಮ ಅಡುಗೆಮನೆಯ ನೇರ ಕಾವೇರಿ ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ಹೋಗಿ ತಿಳಿನೀರು ಬರುವವರೆಗೂ ಹಿಂಡಿ ಹಿಂಡಿ ತೊಳೆದ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಗಾಡಿಸಿ ಮತ್ತೆ ಇಡಬೇಕು ಎಂಬುದು ಮೀನು ಸಾಕಲು ಶುರುಮಾಡಿದ ಮಕ್ಕಳಿಗೂ ಹೇಳಿಕೊಡುವ ಮೊದಲ ಪಾಠ. ಕೊನೆಗೆ ಹೀಟರನ್ನು 30 ಡಿಗ್ರಿಗೆ ತಿರುಗಿಸಿ, ಸರ್ವಿಸ್ ಹಾಳೆಗೆ ನನ್ನ ಸಹಿ ಹಾಕಿಸಿಕೊಂಡು ಹೋದ.

ಆ ಹಾಳೆಯ ಪ್ರತಿ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ. ‘ಪಿಎಚ್’ ಎದುರು ‘ಓಕೆ’, ‘ಅಮೋನಿಯಾ’ ಎದುರು ‘ಓಕೆ’, ‘ನೈಟ್ರೈಟ್’ ಎದುರು ಮೇಲಿನದೇ ಎಂದು ಎರಡು ಗೀಟು. ಅಂಕಿ ಎಲ್ಲಿದೆ? ಟೆಸ್ಟ್ ಕಿಟ್ ಅವನ ಬ್ಯಾಗಿನಲ್ಲಿ ಇರಲೇ ಇಲ್ಲ. ಕೇಳಿದ್ದಕ್ಕೆ, ‘ಆಫೀಸಲ್ಲಿ ಕೊಡಲ್ಲ ಮೇಡಂ’ ಎಂದ. ಈ ಮಾತಿನಲ್ಲಿ ನನಗೆ ಅವನ ಮೇಲೆ ಅನುಮಾನವಿಲ್ಲ.

ಮುಂದಿನ ದಿನಗಳಲ್ಲಿ ಮೂರೂ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸತೊಡಗಿದವು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, ಆ ಕಡೆಯವರು ನೀರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ‘ಇನ್ಫೆಕ್ಷನ್ ಒಳಗೆ ಇಳಿದಿದೆ, ಮೆಡಿಕಲ್ ಶಾಪಿನಿಂದ ಟೆಟ್ರಾಸೈಕ್ಲಿನ್ ತಂದು ಕ್ಯಾಪ್ಸೂಲ್ ಒಡೆದು ಹಾಕಿ’ ಎಂದರು. ಅದು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಆ್ಯಂಟಿಬಯೋಟಿಕ್ ಔಷಧ. ನಮ್ಮ ಮನೆಯ ನೆಲದಡಿಯ ನೀರಿನ ಸಂಪ್‌ಗೆ ಕಾವೇರಿಯ ಜೊತೆ ಬೋರ್‌ವೆಲ್ ನೀರೂ ಸೇರುವುದರಿಂದ ನೀರು ಗಡುಸು. ಟೆಟ್ರಾಸೈಕ್ಲಿನ್ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಂಡು ಮೀನಿಗೆ ಅಷ್ಟಾಗಿ ದಕ್ಕುವುದೂ ಇಲ್ಲ. ನಾನು ಹಾಕಲಿಲ್ಲ. ಬದಲಿಗೆ ನೀವು ಮಾಡಬೇಕಿದ್ದ ಪರೀಕ್ಷೆಯನ್ನು ನಾನೇ ಕಿಟ್ ಕೊಂಡು ಮಾಡಿದೆ. ಅಮೋನಿಯಾ ಪರೀಕ್ಷೆಯ ನಳಿಕೆಯಲ್ಲಿ ಹಳದಿಯಾಗಿಯೇ ಉಳಿಯಬೇಕಿದ್ದ ನೀರು ನಿಧಾನಕ್ಕೆ ಹಸಿರಿಗೆ ತಿರುಗಿ, ಪಟ್ಟಿಯ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬಣ್ಣಕ್ಕೆ ಬಂದು ನಿಂತಿತು. ಪಿಎಚ್ 8.

ಇದರ ಅರ್ಥ ನಿಮ್ಮಲ್ಲಿ ಯಾರಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಅಮೋನಿಯಾದಲ್ಲಿ ಮೀನಿಗೆ ನಿಜವಾಗಿ ವಿಷವಾಗುವುದು ಅಯಾನುಗೊಳ್ಳದೆ, ಅಂದರೆ ವಿದ್ಯುದಾವೇಶ ಪಡೆಯದೆ ಉಳಿದ ಭಾಗ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ಭಾಗ ಶೇಕಡಾ ಒಂದೂ ಇಲ್ಲ. ಪಿಎಚ್ 8 ಆದರೆ ಶೇಕಡಾ 5ರ ಆಸುಪಾಸು. ಬಿಸಿ ಏರಿದರೆ ಇನ್ನೂ ಏರುತ್ತದೆ. ನಿಮ್ಮ ಹುಡುಗ ಹೀಟರನ್ನೂ ಏರಿಸಿದ್ದ. ಜೊತೆಗೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು 7.5ರಷ್ಟು. ಅಮೋನಿಯಾದಿಂದ ಕಿವಿರು ಸುಟ್ಟುಕೊಂಡ ಮೀನಿಗೆ ಇರುವ ಗಾಳಿಯನ್ನೂ ಕಿತ್ತುಕೊಂಡಂತಾಯಿತು.

ಹೀಟರ್ ಆರಿಸಿ, ಊಟ ನಿಲ್ಲಿಸಿ, ಏರ್ ಪಂಪ್ ಜೋಡಿಸಿ, ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ಕ್ಲೋರಿನ್ ತೆಗೆದ ನೀರನ್ನು ದಿನವೂ ಬದಲಿಸುತ್ತ ಬಂದೆ. ಪಕ್ಕದ ಬೀದಿಯ ಪರಿಚಯದವರು ತಮ್ಮ ಹಳೆಯ ತೊಟ್ಟಿಯ ಸ್ಪಾಂಜ್ ಕೊಟ್ಟರು. ಅಷ್ಟರಲ್ಲಿ ಎರಡೂ ಹೆಣ್ಣು ಮೀನು ಸತ್ತವು. ಗುಂಡ ಉಳಿದಿದೆ, ಬಾಲದ ಅಂಚು ಹರಿದಿದೆ. ಅವನ ಕಿವಿರಿನ ಮುಚ್ಚಳದ ಮೇಲಿಂದ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಅಂಚಿನಲ್ಲಿ ಲೋಳೆ ತೆಗೆದು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ನೋಡಿಸಿದೆವು. ಬಿಳಿಚುಕ್ಕೆಯ ಪರಾವಲಂಬಿಯಾಗಿದ್ದರೆ ಒಳಗೆ ಕುದುರೆ ಲಾಳದಂಥ ಕೋಶಕೇಂದ್ರ ಹೊತ್ತು ನಿಧಾನಕ್ಕೆ ಉರುಳುವ ದುಂಡು ಕೋಶ ಕಾಣಬೇಕಿತ್ತು. ಅಂಥದ್ದೊಂದೂ ಇರಲಿಲ್ಲ. ಮುಚ್ಚಳದ ಮೇಲಿನ ಗುಳ್ಳೆಗಳು ಇನ್ನೂ ಹಾಗೆಯೇ ಇವೆ.

ಇದನ್ನು ಫೋನಿನಲ್ಲಿ ಹೇಳಿದಾಗ ನಿಮ್ಮ ಮೇಲ್ವಿಚಾರಕರು ಕೊಟ್ಟ ಉತ್ತರ: ‘ಮೀನು ತಾನೇ ಮೇಡಂ, ಮುಂದಿನ ಸಲ ಬರುವಾಗ ಎರಡು ಫ್ರೀ ಕಳಿಸ್ತೀವಿ.’ ಅಮೋನಿಯಾ ಇಳಿಯದ ತೊಟ್ಟಿಗೆ ಹೊಸ ಮೀನು ಬಿಡುವ ಮಾತು ಮೀನು ವ್ಯಾಪಾರದವರ ಬಾಯಿಂದ ಬಂದದ್ದು ಕೇಳಿ ಏನು ಹೇಳಬೇಕೋ ತೋಚಲಿಲ್ಲ. ಬೇಡ. ಕಳಿಸಬೇಡಿ.

ಆ ಹುಡುಗನ ಸಂಬಳ ಹಿಡಿಯುವುದೂ ಬೇಡ. ಕಿಟ್ ಕೊಡದೆ, ಕಲಿಸದೆ, ಹೆಸರಿಲ್ಲದ ಬಾಟಲಿ ಮಾತ್ರ ಕೊಟ್ಟು ಮನೆಮನೆಗೆ ಅಟ್ಟಿದವರು ನೀವು. ಅವನು ನಮ್ಮ ತೊಟ್ಟಿಗೆ ಹಾಕಿದ ಬಲೆ ಹಿಂದಿನ ಮನೆಯ ನೀರಿನಿಂದ ಇನ್ನೂ ಒದ್ದೆಯಾಗಿತ್ತು ಎಂಬುದನ್ನೂ ದಾಖಲಿಸುತ್ತಿದ್ದೇನೆ. ಅಲ್ಲಿ ನಿಜವಾದ ಬಿಳಿಚುಕ್ಕೆ ಇದ್ದಿದ್ದರೆ ನೀವೇ ಹೊತ್ತು ತಂದು ಹಂಚಿದಂತಾಗುತ್ತಿತ್ತು.

ಒಪ್ಪಂದದ ಉಳಿದ ಅವಧಿಯ ಹಣ, ಸತ್ತ ಎರಡು ಮೀನುಗಳ ಬೆಲೆ (ಅವನ್ನು ನಿಮ್ಮ ಅಂಗಡಿಯಿಂದಲೇ ಕೊಂಡದ್ದು, ಬಿಲ್ಲು ಇದೆ) ಮತ್ತು ಟೆಸ್ಟ್ ಕಿಟ್‌ನ ಖರ್ಚನ್ನು ನನ್ನ ಖಾತೆಗೆ ಹಿಂದಿರುಗಿಸಿ. ತೊಟ್ಟಿಗೆ ಸುರಿದ ದ್ರವದ ಹೆಸರು ಮತ್ತು ಪ್ರಮಾಣವನ್ನು ಬರಹದಲ್ಲಿ ಕೊಡಿ. ಮೀನಿನ್ನೂ ಆ ನೀರಿನ ಬಾಧೆಯಿಂದ ಸುಧಾರಿಸಿಕೊಳ್ಳುತ್ತಿರುವುದರಿಂದ ಇದು ಹಣಕ್ಕಿಂತ ತುರ್ತು, ಇವತ್ತೇ ಫೋನಿನಲ್ಲಿ ತಿಳಿಸಿದರೂ ಆದೀತು. ನಿಮ್ಮ ಸಿಬ್ಬಂದಿ ಹೋಗುವ ಉಳಿದ ಮನೆಗಳಲ್ಲಿ ಅಂಕಿ ಬರೆಯದೆ, ‘ಓಕೆ’ ಎಂದಷ್ಟೇ ಗೀಚಿ ಮದ್ದು ಹಾಕುವುದನ್ನು ನಿಲ್ಲಿಸಿದ್ದೀರಾ ಎಂಬುದಕ್ಕೂ ಉತ್ತರ ಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಒಪ್ಪಂದ, ಸರ್ವಿಸ್ ಹಾಳೆ ಮತ್ತು ಬಿಲ್ಲುಗಳ ಪ್ರತಿ, ಗುಂಡನ ಕಿವಿರು ಮುಚ್ಚಳದ ಫೋಟೋ, ಅಮೋನಿಯಾ ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಫೋಟೋ.