‘ಫರ್ಲೋ’ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ‘ಫರ್ಲೋ’ ಎಂದರೆ ‘ಕೆಲಸದಿಂದ ವಜಾ’ ಎಂದು ಬಂದಿತ್ತು, ದಯವಿಟ್ಟು ತಿದ್ದಿಕೊಳ್ಳಿ. ಡಚ್ಚರ ‘ವರ್ಲೋಫ್’ನಿಂದ ಇಂಗ್ಲಿಷಿಗೆ ಬಂದ ಪದ, ಮೊದಲು ಸಿಪಾಯಿಗಳ ರಜೆಗೆ ಸಲ್ಲುತ್ತಿತ್ತು. ನೌಕರಿಯಲ್ಲಾದರೆ ಕೆಲಸ ನಿಂತಿದೆ, ಹುದ್ದೆ ಉಳಿದಿದೆ ಎಂದರ್ಥ. 2020ರಲ್ಲಿ ಬ್ರಿಟನ್ ಸರ್ಕಾರ ಹೀಗೆ ಮನೆಯಲ್ಲಿ ಕೂತವರ ಸಂಬಳದಲ್ಲಿ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ತಾನೇ ತುಂಬಿಕೊಟ್ಟಿತ್ತು.

ನಮ್ಮಲ್ಲಿ ಈ ಪದ ಕಿವಿಗೆ ಬೀಳುವುದು ಹೆಚ್ಚಾಗಿ ಜೈಲಿನ ಸುದ್ದಿಯಲ್ಲಿ. ತಾಯಿಗೆ ಹುಷಾರಿಲ್ಲ, ಮಗಳ ಮದುವೆ ಎಂಬಂಥ ಕಾರಣಕ್ಕೆ ಕೈದಿಗೆ ಕೆಲವು ದಿನ ಹೊರಗೆ ಹೋಗಲು ಸಿಗುವ ಅನುಮತಿ ಪೆರೋಲ್. ಫರ್ಲೋಗೆ ಅಂಥ ಕಾರಣ ಬೇಕಿಲ್ಲ. ದೀರ್ಘ ಶಿಕ್ಷೆಯ ನಡುವೆ ನಡತೆ ನೋಡಿ ಕೊಡುತ್ತಾರೆ, ಆ ದಿನಗಳೂ ಸಾಮಾನ್ಯವಾಗಿ ಶಿಕ್ಷೆಯ ಲೆಕ್ಕಕ್ಕೇ ಸೇರುತ್ತವೆ. ಎರಡಕ್ಕೂ ‘ತಾತ್ಕಾಲಿಕ ಬಿಡುಗಡೆ’ ಎಂದು ಬರೆಯಬೇಡಿ.

ಆಕ್ಷೇಪವಿದ್ದರೆ ಈ ಸಂದೇಶಕ್ಕೇ ಉತ್ತರಿಸಿ, ಇಲ್ಲದಿದ್ದರೆ ಶುಭೋದಯದ ಹೂಗಳ ನಡುವೆ ಕಳೆದುಹೋಗುತ್ತದೆ.