ಲೀಜನೆಲ್ಲಾ: ಬ್ರಿಟನ್‌ನಲ್ಲಿ ಕಟ್ಟಡ ನೋಡಿಕೊಳ್ಳುವ ಸದಸ್ಯರಿಗೆ

ಲೀಜನೆಲ್ಲಾ ಎಂದರೆ ನೀರಿನಲ್ಲಿ ಬೆಳೆದು, ಸಿಡಿಯುವ ಹನಿಗಳ ಮೂಲಕ ಉಸಿರಿಗೆ ಸೇರಿ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ. ಮನೆ ಬಾಡಿಗೆಗೆ ಕೊಟ್ಟವರೂ ಸೇರಿ ಎಲ್ಲರೂ ನೀರಿನ ವ್ಯವಸ್ಥೆಯ ಅಪಾಯ ಅಂದಾಜು ಮಾಡಲೇಬೇಕು. ಇದು 1974ರ ಆರೋಗ್ಯ-ಸುರಕ್ಷತಾ ಕಾಯ್ದೆಯ ಹೊಣೆ. ಪಾಲಿಸುವ ಬಗೆ ಸರ್ಕಾರಿ ಸುರಕ್ಷತಾ ಸಂಸ್ಥೆಯ 'ಎಲ್8' ಎಂಬ ಲೀಜನೆಲ್ಲಾ ತಡೆ ಸಂಹಿತೆಯಲ್ಲಿದೆ.

ಬಿಸಿನೀರಿನ ಟ್ಯಾಂಕ್ 60 ಡಿಗ್ರಿಗಿಂತ ಕೆಳಗಿಳಿಯಬಾರದು. ನಲ್ಲಿ ತೆರೆದ ಒಂದು ನಿಮಿಷದಲ್ಲಿ 50 ಮುಟ್ಟಬೇಕು. ತಣ್ಣೀರು ಎರಡು ನಿಮಿಷ ಹರಿದ ಮೇಲೆ 20ರ ಕೆಳಗಿರಬೇಕು. 20ರಿಂದ 45ರ ನಡುವೆ ಈ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಹಾಗಾಗಿ ಕರೆಂಟ್ ಉಳಿಸಲೆಂದು ಥರ್ಮೋಸ್ಟಾಟ್ ತಗ್ಗಿಸಬೇಡಿ, ದಯವಿಟ್ಟು. ಮೈ ಸುಡುವ ಭಯವಿದ್ದರೆ ನಲ್ಲಿಯ ಹತ್ತಿರವೇ ಬಿಸಿನೀರಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಬಳಸದ ಶವರ್, ನಲ್ಲಿಗಳನ್ನು ವಾರಕ್ಕೊಮ್ಮೆ ಹನಿ ಸಿಡಿಯದಂತೆ ಹರಿಯಬಿಡಿ. ಬೇಡವಾದ ಕವಲು ಪೈಪನ್ನು ಮುಖ್ಯ ಪೈಪಿನ ಬುಡದಲ್ಲೇ ಕತ್ತರಿಸಿ ಮುಚ್ಚಿಸಿ. ನಿಂತ ನೀರೇ ಅದರ ನೆಲೆ.

ತಪಾಸಣೆಯ ದಾಖಲೆ 5 ವರ್ಷ ಇಡಿ. ಪ್ರತಿ ಮನೆಗೂ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯ ಎನ್ನುವವರನ್ನು ನಂಬಬೇಡಿ.