ಸರ್ ಇಲ್ಲದ ಮೇಲೆ: ಗೆಳೆಯನಿಗೊಂದು ಪತ್ರ

ಮೈಸೂರು
ಜುಲೈ 2024

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ನೋಡಿದೆ. "ಸರ್ ಹೋದ ಮೇಲೆ ಸರೋದ್ ಮುಟ್ಟೋಕೇ ಮನಸ್ಸಾಗ್ತಿಲ್ಲ ಕಣೋ" ಅಂತ ಒಂದೇ ಸಾಲು. ಇದಕ್ಕೆ ಫೋನಿನಲ್ಲಿ ಏನು ಹೇಳಿದರೂ ಸಮಾಧಾನದ ಮಾತಾಗಿಬಿಡುತ್ತದೆ. ಅದಕ್ಕೇ ಬರೆಯಲು ಕೂತೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡ.

ಜೂನ್ 11, ಮಂಗಳವಾರ ನಿನ್ನ ಸರೋದ್ ಗುರು, ನಮ್ಮೆಲ್ಲರ ಸರ್ ರಾಜೀವ ತಾರಾನಾಥರು ಇಲ್ಲೇ ಮೈಸೂರಿನಲ್ಲಿ ತೀರಿಕೊಂಡರು. 91 ವರ್ಷ. "ತುಂಬು ಜೀವನ" ಅಂದರು ಎಲ್ಲರೂ. ಸುಳ್ಳಲ್ಲ. ಆದರೂ ತೊಂಬತ್ತರ ಹತ್ತಿರ ಬಂದ ಮೇಲೂ ಸರೋದ್ ಕೆಳಗಿಡದ ಮನುಷ್ಯನ ವಿಷಯದಲ್ಲಿ ಆ ಮಾತು ನನಗೆ ಯಾಕೋ ಹಿಡಿಸಲಿಲ್ಲ. ಇನ್ನೂ ಕೆಲಸ ನಡೆಯುತ್ತಿತ್ತಲ್ಲ, ಅರ್ಧಕ್ಕೆ ಎದ್ದು ಹೋದ ಹಾಗಾಯಿತು.

ಮರುದಿನದ ಪತ್ರಿಕೆಗಳಲ್ಲಿ ಬಂದಿದ್ದನ್ನೆಲ್ಲ ಓದಿದೆ. 1999-2000ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2019ರ ಪದ್ಮಶ್ರೀ, ಎಲ್ಲ ಸರಿ. ಒಂದು ಮಾತು ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: "ಸಾಹಿತ್ಯ ಬಿಟ್ಟು ಸಂಗೀತಕ್ಕೆ ಬಂದರು." ಇದರ ಬಗ್ಗೆ ನನ್ನದೊಂದು ತಕರಾರಿದೆ.

ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟಿದ್ದು ನಿಜ. ಹೈದರಾಬಾದಿನಲ್ಲಿ ಪ್ರೊಫೆಸರ್ ಆಗಿದ್ದವರು ಹುದ್ದೆ ಬಿಟ್ಟು ಪೂರ್ತಿ ಸಂಗೀತಕ್ಕೆ ನಿಂತರು. ಆದರೆ ಟಿ.ಎಸ್. ಎಲಿಯಟ್ ಮೇಲೆ ಪಿಎಚ್.ಡಿ. ಮಾಡಿದ ಮನುಷ್ಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಕೂಡಲೇ ಓದುವುದನ್ನೂ ಬಿಟ್ಟುಬಿಡುತ್ತಾನಾ? ನನ್ನ ಸ್ವರಜ್ಞಾನ ಅಷ್ಟಕ್ಕಷ್ಟೆ, ಅದು ನಿನಗೆ ಗೊತ್ತು. ಶುದ್ಧ ನಿಷಾದ ಯಾವುದು, ಕೋಮಲ ಯಾವುದು ಅಂತ ಈಗಲೂ ನಿನ್ನನ್ನೇ ಕೇಳಬೇಕು. ಆದರೆ ಪದ್ಯ ಓದುವುದು ನನಗೆ ಗೊತ್ತು. ಅವರ ಆಲಾಪ ನನಗೆ ಒಗ್ಗಿದ್ದೇ ಆ ದಾರಿಯಿಂದ. ಒಳ್ಳೆಯ ಮೇಷ್ಟ್ರು ತರಗತಿಯಲ್ಲಿ ಒಂದು ಸಾಲು ಓದುತ್ತಾರೆ, ನಿಲ್ಲುತ್ತಾರೆ, ಒಂದು ಪದಕ್ಕೆ ವಾಪಸ್ ಹೋಗುತ್ತಾರೆ, ಅದನ್ನೇ ಬೇರೆ ಒತ್ತು ಕೊಟ್ಟು ಓದುತ್ತಾರೆ. ಅಷ್ಟರಲ್ಲಿ ಆ ಸಾಲು ನಾವು ಮೊದಲು ಓದಿದ ಸಾಲಾಗಿ ಉಳಿದಿರುವುದಿಲ್ಲ. ಸರ್ ಗಾಂಧಾರ ಸ್ವರದ ಮೇಲೆ ನಿಂತು ಮುಂದೆ ಹೋಗದೇ ಇದ್ದಾಗ ಆಗುತ್ತಿದ್ದುದೂ ಅದೇ. ಆಲಾಪದ ನಂತರದ ವೇಗದ ಭಾಗಗಳಾದ ಜೋಡ್, ಝಾಲಾ ಬರುವಷ್ಟರಲ್ಲಿ ಪಕ್ಕದವರೆಲ್ಲ ತಲೆದೂಗುತ್ತಿದ್ದರು. ನನಗೆ ಬೇಕಾಗಿದ್ದು ಆಗಲೇ ಸಿಕ್ಕಿಬಿಟ್ಟಿರುತ್ತಿತ್ತು.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಸಿನಿಮಾಕ್ಕೆ ಅವರೇ ಸಂಗೀತ ಕೊಟ್ಟಿದ್ದು. ಆಮೇಲೆ ಮಲಯಾಳದಲ್ಲಿ ಅರವಿಂದನ್ ಅವರ 'ಕಾಂಚನ ಸೀತಾ'ಕ್ಕೂ, ಎಂ.ಟಿ. ವಾಸುದೇವನ್ ನಾಯರ್ ಅವರ 'ಕಡವು'ಗೂ. ಇಂಥವರೆಲ್ಲ ಸುಮ್ನೆ ಒಬ್ಬ ಸರೋದ್ ವಾದಕನನ್ನು ಹುಡುಕಿಕೊಂಡು ಹೋಗಿರಲಾರರು. ಕಥೆ ಓದಬಲ್ಲ ವಾದಕ ಅವರಿಗೆ ಬೇಕಿತ್ತು ಅಂತ ನನ್ನ ಅಂದಾಜು. ಅನಂತಮೂರ್ತಿ, ಲಂಕೇಶರ ಕಾಲದ ಕನ್ನಡ ಚರ್ಚೆಗಳಲ್ಲಿ ಅವರೂ ಒಬ್ಬರು, ಹೊರಗಿನವರಲ್ಲ.

ಇರಲಿ. ನೀನು ಕೇಳಿದ್ದು ಇದನ್ನಲ್ಲ.

ನೀನು ಮೂವತ್ತು ದಾಟಿದ ಮೇಲೆ ಸರೋದ್ ಹಿಡಿದವನು. ಹಗಲೆಲ್ಲ ಸಾಫ್ಟ್‌ವೇರ್, ರಾತ್ರಿ ಸಾಧನೆ. ಎಡಗೈ ಉಗುರು ತಂತಿಗೆ ಸಿಕ್ಕಿ ಗೀರು ಬಿದ್ದಿದ್ದನ್ನು ಊರಿಗೆ ಬಂದಾಗ ಪದಕದ ಹಾಗೆ ತೋರಿಸಿದ್ದೆ. ತಡವಾಯಿತು ಅನ್ನುವ ಕೊರಗು ಮಾತ್ರ ನಿನ್ನನ್ನು ಯಾವತ್ತೂ ಬಿಡಲಿಲ್ಲ. ಆಗೆಲ್ಲ ನಾನು ಹೇಳುತ್ತಿದ್ದುದು ಸರ್ ಕಥೆಯನ್ನೇ. ಅವರು ಸರೋದ್ ಹಿಡಿದು ಹುಟ್ಟಿದವರಲ್ಲ. ಮೊದಲು ಹಾಡುಗಾರರು. ತಂದೆ ಪಂಡಿತ ತಾರಾನಾಥರಿಂದಲೇ ಮೊದಲ ಪಾಠ, ಒಂಬತ್ತು ವರ್ಷಕ್ಕೇ ಕಛೇರಿ, ಇಪ್ಪತ್ತಾಗುವ ಮೊದಲೇ ಆಕಾಶವಾಣಿಯಲ್ಲಿ ಗಾಯನ. ಅಷ್ಟು ಮುಂದೆ ಹೋದವರು ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಎಲ್ಲ ಬದಿಗಿಟ್ಟರು. ಕಲ್ಕತ್ತಾಕ್ಕೆ ಹೋಗಿ, ಮೊದಲಿನಿಂದ ಶುರು ಮಾಡಿದರು. ಮೆಟ್ಟಿಲುಗಳಿಲ್ಲದ ವಾದ್ಯ ಅದು. ಸಿತಾರಿನ ಹಾಗೆ ಬೆರಳಿಗೆ ಇಲ್ಲಿ ನಿಲ್ಲು ಅಂತ ಹೇಳುವವರಿಲ್ಲ. ನುಣ್ಣನೆಯ ಉಕ್ಕಿನ ಪಟ್ಟಿ, ಇಪ್ಪತ್ತೈದು ತಂತಿ, ಬಲಗೈಯಲ್ಲಿ ತಂತಿ ಮೀಟಲು ತೆಂಗಿನ ಚಿಪ್ಪಿನ ಜವಾ. ಸ್ವರ ಎಲ್ಲಿದೆ ಅಂತ ಕಿವಿಯೇ ಹೇಳಬೇಕು. ಹಾಡುಗಾರನ ಕಿವಿ ಅವರಿಗೆ ಅಲ್ಲಿ ಆಸರೆಯಾಗಿರಬೇಕು, ಅಲ್ವಾ? ಅಲಿ ಅಕ್ಬರ್ ಖಾನರ ಮೈಹರ್ ಪರಂಪರೆಯಲ್ಲಿ ಗುರು ಹಾಡಿ ತೋರಿಸುವುದು, ಶಿಷ್ಯ ಅದನ್ನು ತಂತಿಯ ಮೇಲೆ ಹುಡುಕುವುದು ರೂಢಿ ಅಂತ ನೀನೇ ಒಮ್ಮೆ ವಿವರಿಸಿದ್ದೆ.

ಇನ್ನೊಂದು ವಿಷಯ ನೋಡು. ಅಲಿ ಅಕ್ಬರ್ ಖಾನರು ತೀರಿಕೊಂಡಿದ್ದು 2009ರ ಜೂನ್ 18ರಂದು. ಅಲ್ಲಿಯವರೆಗೂ ನಮ್ಮ ಸರ್ ಶಿಷ್ಯರಾಗಿಯೇ ಇದ್ದರು. ಅಷ್ಟೊತ್ತಿಗೆ ಅವರಿಗೇ 76 ವರ್ಷ! ರವಿಶಂಕರ್, ಅನ್ನಪೂರ್ಣಾ ದೇವಿ, ನಿಖಿಲ್ ಬ್ಯಾನರ್ಜಿಯವರಿಂದಲೂ ಮಾರ್ಗದರ್ಶನ ಪಡೆದರು. ಗುರು ಹೋದ ಮೇಲೆ ಮತ್ತೆ ಹದಿನೈದು ವರ್ಷ ನುಡಿಸಿದರು, ಕಲಿಸಿದರು. ಅವರಿಗೂ ನಿನ್ನ ಹಾಗೆ ಕೈ ಓಡದ ದಿನಗಳು ಬಂದಿದ್ದವೋ ಏನೋ. ಹೊರಗೆ ಕಂಡಿದ್ದು ಮಾತ್ರ ಕೆಲಸ ನಿಲ್ಲಿಸದ ಮನುಷ್ಯ.

ಮೈಸೂರು ವೀಣೆಯ ಊರು. ಸರೋದ್ ಅಂದರೆ ಇಲ್ಲಿ ಎಷ್ಟೋ ಜನಕ್ಕೆ ಅವರೊಬ್ಬರೇ. ಹಿಂದೂಸ್ತಾನಿಗೆ ಹೆಸರಾದ ಧಾರವಾಡದ ಕಡೆಯೂ ಗಾಯನದ್ದೇ ಕಾರುಬಾರು. ಅಂಥ ನಾಡಿನಲ್ಲಿ ಈ ವಾದ್ಯ ಕೂರಬೇಕಾದರೆ ಒಬ್ಬ ಮನುಷ್ಯ ಎಷ್ಟು ಹಟ ಮಾಡಿರಬೇಕು ಯೋಚಿಸು. ಈ ಹಟ ಮನೆಯಿಂದಲೇ ಬಂದಿದ್ದು ಅನ್ನಿಸುತ್ತದೆ. ತಂದೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದವರು. ಶಾಲೆಗೆ ಹಮ್‌ದರ್ದ್, ಆಶ್ರಮಕ್ಕೆ ಪ್ರೇಮ. ಅಂಥ ಮನೆಯ ಹುಡುಗ ಮೈಹರದ ಶಾರದಾ ದೇವಿಗೆ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ಬಾಬಾ ಅಲ್ಲಾವುದ್ದೀನ್ ಖಾನರ, ಅಂದರೆ ಅಲಿ ಅಕ್ಬರರ ತಂದೆಯ, ಪರಂಪರೆಗೆ ಸೇರಿದ್ದು ಆಶ್ಚರ್ಯವೇನಲ್ಲ. ಈಗಿನ ದಿನಗಳಲ್ಲಿ ಇದನ್ನೂ ಹೇಳಿಬಿಡಬೇಕು, ಹೇಳುವವರು ಕಡಿಮೆಯಾಗುತ್ತಿದ್ದಾರೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. 1989ರಿಂದ 1992ರವರೆಗೆ ಫೋರ್ಡ್ ಫೌಂಡೇಷನ್ ನೆರವಿನಲ್ಲಿ ಸರ್ ಮಾಡಿದ ಕೆಲಸ ಯಾವುದು? ಮೈಹರ್ ಘರಾನೆಯಲ್ಲಿ ಹೇಗೆ ಕಲಿಸುತ್ತಾರೆ ಅನ್ನುವುದರ ಅಧ್ಯಯನ. ಆಮೇಲೆ 1995ರಿಂದ 2005ರವರೆಗೆ ನಿಮ್ಮ ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್‌ನಲ್ಲಿ ಭಾರತೀಯ ಸಂಗೀತ ವಿಭಾಗದ ಮುಖ್ಯಸ್ಥರು. ಅಲ್ಲಿದ್ದಾಗಲೇ ತಾನೇ ನೀನು ಸಿಕ್ಕಿಕೊಂಡಿದ್ದು! ಮೈಸೂರಿಗೆ ವಾಪಸ್ ಬಂದ ಮೇಲೂ ಪಾಠ ನಡೆದೇ ಇತ್ತು. ನುಡಿಸುವುದಕ್ಕಿಂತ ಒಂದು ಕೂದಲೂ ಕಡಿಮೆಯಿಲ್ಲದ ಕಾಳಜಿ ಅವರಿಗೆ ಕಲಿಸುವುದರ ಮೇಲಿತ್ತು. ರಾಂಪುರದ ವಜೀರ್ ಖಾನರಿಂದ ಅಲ್ಲಾವುದ್ದೀನ್ ಖಾನರಿಗೆ, ಅವರಿಂದ ಮಗನಿಗೆ, ಮಗನಿಂದ ಸರ್‌ಗೆ, ಸರ್ ಕಡೆಯಿಂದ ನಿನಗೆ ಬಂದಿದ್ದು ಪುಸ್ತಕದಲ್ಲಿ ಇಲ್ಲ. ನಿನ್ನ ಕೈಯಲ್ಲಿದೆ, ನೀನು ಕಛೇರಿ ವಾದಕ ಅಲ್ಲದಿದ್ದರೂ.

ಪಕ್ಕದ ಬೀದಿಯ ಹುಡುಗಿಯೊಬ್ಬಳು ಸರೋದ್ ಕಲಿಸಿ ಅಂತ ಕೇಳುತ್ತಿದ್ದಾಳೆ, ನನಗೇನು ಯೋಗ್ಯತೆ ಅಂತ ವಾಪಸ್ ಕಳಿಸಿದೆ ಅಂದಿದ್ದೆಯಲ್ಲ. ಆಗ ನಾನು ಏನೂ ಹೇಳಲಿಲ್ಲ. ಈಗ ಹೇಳ್ತೀನಿ, ಅವಳನ್ನು ಕರೆಸು. ನಿನಗೆ ಗೊತ್ತಿರುವಷ್ಟನ್ನು ಕಲಿಸು. ಅವಳಿಗೆ ಅದಕ್ಕಿಂತ ಜಾಸ್ತಿ ಬೇಕಾದಾಗ ಸರ್ ಶಿಷ್ಯರಲ್ಲೇ ದೊಡ್ಡವರ ಬಳಿ ಕಳಿಸಿದರಾಯಿತು. ನಿನಗಾಗಿ ಸರೋದ್ ಎತ್ತಿಕೊಳ್ಳಲು ಮನಸ್ಸು ಬರದಿದ್ದರೆ ಬೇಡ, ಅವಳಿಗೆ ಶ್ರುತಿ ಮಾಡಿಕೊಡಲಾದರೂ ಎತ್ತಿಕೊಳ್ಳಬೇಕಾಗುತ್ತದೆ.

ಇನ್ನು ಆ ಪಾಠದ ಕ್ಯಾಸೆಟ್‌ಗಳು. ಗರಾಜಿನ ಡಬ್ಬದಲ್ಲಿವೆ ಅಂದಿದ್ದೆ. ಬೇಸಿಗೆಯ ಬಿಸಿಗೆ ಟೇಪು ಹಾಳಾಗುತ್ತದೆ ಕಣೋ, ಮೊದಲು ಮನೆಯೊಳಗೆ ತಂದಿಡು. ಆಮೇಲೆ ಡಿಜಿಟಲ್ ಮಾಡಿಸು. ಒಂದೊಂದರ ಮೇಲೂ ರಾಗ, ವರ್ಷ ನೆನಪಿದ್ದಷ್ಟು ಬರೆ. ಉಸ್ತಾದ್ ಅಲಿ ಅಕ್ಬರರೇ ಕಟ್ಟಿದ ಚಂದ್ರನಂದನ್ ರಾಗದ ಪಾಠವಿದ್ದರೆ ಅದನ್ನು ಮೊದಲು ಮಾಡಿಸು. ಡಿಸೆಂಬರಿನಲ್ಲಿ ಬರುವಾಗ ಹಾರ್ಡ್ ಡಿಸ್ಕಿನಲ್ಲಿ ಹಾಕಿಕೊಂಡು ಬಾ. ನಿನಗೆ ಗುರುತು ಸಿಗದ್ದನ್ನು ಇಲ್ಲಿ ಅವರ ಬಳಿ ಕಲಿತವರನ್ನು ಕೂರಿಸಿಕೊಂಡು ಕೇಳೋಣ. ಮನೆ ದೊಡ್ಡದಾಗಿಯೇ ಇದೆ, ನಾಲ್ಕು ಜನ ಆರಾಮಾಗಿ ಕೂರಬಹುದು. ಟಿಕೆಟ್ ಆದ ಕೂಡಲೇ ತಾರೀಖು ತಿಳಿಸು.

ನಿನ್ನವನೇ ಆದ
ಸ್ವರ ಗೊತ್ತಿಲ್ಲದ ಗೆಳೆಯ